ನಕ್ಷತ್ರಗಳ ಪೇಟೆಯಲ್ಲಿ ದರ ಕಟ್ಟುವವರು ಯಾರು?

ಗಣಕಯಂತ್ರದ ಆಟಗಳಲ್ಲಿ ಬಾಹ್ಯಾಕಾಶ ವ್ಯಾಪಾರದ ಆಟಗಳೆಂಬ ಒಂದು ವರ್ಗವಿದೆ. ಆಡುವವನಿಗೆ ಒಂದು ನೌಕೆಯನ್ನೂ ಅಲ್ಪ ಬಂಡವಾಳವನ್ನೂ ಕೊಟ್ಟು, ಒಂದು ಗ್ರಹದಲ್ಲಿ ಅಗ್ಗಕ್ಕೆ ಕೊಂಡ ಸರಕನ್ನು ಇನ್ನೊಂದು ಗ್ರಹದಲ್ಲಿ ಹೆಚ್ಚಿನ ಬೆಲೆಗೆ ಮಾರಿ ಬೆಳೆಯುವಂತೆ ಬಿಡುವುದು ಈ ಎಲ್ಲ ಆಟಗಳ ತಳಹದಿ. ಅಮೆರಿಕದಲ್ಲಿ 1974ರ ಸುಮಾರಿಗೆ ಬೇಸಿಕ್ ಭಾಷೆಯಲ್ಲಿ ಬರೆಯಲಾದ ‘ಸ್ಟಾರ್ ಟ್ರೇಡರ್’, ಇಂಗ್ಲೆಂಡಿನಲ್ಲಿ 1984ರಲ್ಲಿ ಹೊರಬಂದ ‘ಎಲೀಟ್’, ಐಸ್‌ಲ್ಯಾಂಡಿನ ಸಿಸಿಪಿ ಎಂಬ ಸಂಸ್ಥೆ 2003ರಲ್ಲಿ ಆರಂಭಿಸಿದ ‘ಈವ್ ಆನ್‌ಲೈನ್’ ಇವು ಈ ಪರಂಪರೆಯ ಪ್ರಮುಖ ಹೆಸರುಗಳು. ಇಂಥ ಪ್ರತಿಯೊಂದು ಆಟದ ಒಡಲಲ್ಲಿ ಒಂದು ಅನುಕರಣ ಅರ್ಥವ್ಯವಸ್ಥೆ ಇರುತ್ತದೆ, ಅಂದರೆ ಉತ್ಪಾದನೆ, ಸಾಗಣೆ, ಮಾರಾಟ, ಬೆಲೆಗಳ ನಡೆಯನ್ನು ಲೆಕ್ಕದ ನಿಯಮಗಳಾಗಿ ಯಂತ್ರದೊಳಗೆ ಹೂಡಿರುತ್ತಾರೆ. ಅಲ್ಲಿ ನಡೆಯುವ ಪೈಪೋಟಿ ನಿಜವಾದ ಪೈಪೋಟಿಯೇ ಎಂಬುದು ಈ ಭಾಷಣದ ವಿಷಯ. ಅಜೆಕಾರು, ಕಾರ್ಕಳ, ಕಾಪು, ಉಡುಪಿಗಳ ಕೇಳುಗರಿಗೆ ಇದು ದೂರದ ಮಾತಾಗಿ ಕಾಣಬಹುದಾದರೂ, ದರ ಎಂಬುದು ಎಲ್ಲಿ ಹುಟ್ಟುತ್ತದೆ, ಅದನ್ನು ಯಾರು ಕಟ್ಟುತ್ತಾರೆ ಎಂಬ ಪ್ರಶ್ನೆ ಅಡಿಕೆ ಮತ್ತು ಮಲ್ಲಿಗೆಯನ್ನು ನಂಬಿ ಸಂಸಾರ ಸಾಗಿಸುವ ಈ ಸೀಮೆಗೆ ದಿನಬೆಳಗಿನ ಪ್ರಶ್ನೆಯಾಗಿರುವುದರಿಂದ, ಆಟದ ಪೇಟೆಯನ್ನೂ ಊರಿನ ಪೇಟೆಯನ್ನೂ ಎದುರುಬದುರು ಇರಿಸಿ ನೋಡಿದರೆ ಎರಡರ ಸ್ವರೂಪವೂ ತಿಳಿಯಾಗುತ್ತದೆ.

ಸರಕು ಸುಳ್ಳು, ಹಣ ಸುಳ್ಳು, ಆದ್ದರಿಂದ ಪೈಪೋಟಿಯೂ ಸುಳ್ಳು ಎಂದು ಹೇಳಿ ಈ ಪ್ರಶ್ನೆಯನ್ನು ಬದಿಗೆ ಸರಿಸುವವರಿದ್ದಾರೆ. ತುಳುನಾಡಿನ ಚೆನ್ನೆಮಣೆಯನ್ನು ಬಲ್ಲವರು ಈ ಮಾತನ್ನು ಒಪ್ಪುವುದು ಕಷ್ಟ. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿಗಳಿರುವ ಆ ಮಣೆಯಲ್ಲಿ ಗುಳಿಗೆ ನಾಲ್ಕರಂತೆ 56 ಚೆನ್ನೆಕಾಯಿಗಳನ್ನು ಇಟ್ಟು ಆಟ ತೊಡಗುತ್ತಾರೆ. ಆ ಕಾಯಿಗಳಿಗೆ ಪೇಟೆಯಲ್ಲಿ ಚಿಕ್ಕಾಸಿನ ಬೆಲೆಯೂ ಇಲ್ಲ. ಆದರೂ ತುಳುವಿನ ಮೌಖಿಕ ಕಾವ್ಯವಾದ ಸಿರಿ ಪಾಡ್ದನದಲ್ಲಿ, ಸಿರಿಯ ಮಗಳು ಸೊನ್ನೆಯ ಅವಳಿ ಮಕ್ಕಳಾದ ಅಬ್ಬಗ ಮತ್ತು ದಾರಗರು ಚೆನ್ನೆಯಾಡುತ್ತ ಜಗಳಕ್ಕೆ ಬಿದ್ದು ಒಬ್ಬಳ ಪೆಟ್ಟಿಗೆ ಇನ್ನೊಬ್ಬಳು ಪ್ರಾಣ ಬಿಡುತ್ತಾಳೆ. ಕಾರ್ಕಳ ತಾಲ್ಲೂಕಿನ ನಂದಳಿಕೆಯಲ್ಲಿಯೂ ಉಡುಪಿಗೆ ಸಮೀಪದ ಹಿರಿಯಡಕದಲ್ಲಿಯೂ ಸಿರಿಜಾತ್ರೆ ನಡೆಯುವ ಈ ಸೀಮೆಯಲ್ಲಿ ಅಕ್ಕತಂಗಿಯರು ಎದುರುಬದುರು ಕುಳಿತು ಚೆನ್ನೆಯಾಡಬಾರದೆಂಬ ನಂಬಿಕೆ ಆ ಕಥೆಯಿಂದಲೇ ಉಳಿದುಬಂದಿದೆ. ಸ್ಪರ್ಧೆಯ ನಿಜತನ ಪಣಕ್ಕಿಟ್ಟ ವಸ್ತುವಿನ ಬೆಲೆಯನ್ನು ಅವಲಂಬಿಸಿಲ್ಲವೆಂಬುದನ್ನು ಇದಕ್ಕಿಂತ ಕಠೋರವಾಗಿ ಹೇಳುವುದು ಸಾಧ್ಯವಿಲ್ಲ. ಚೆನ್ನೆಯಲ್ಲಿ ಪೈಪೋಟಿಯನ್ನು ನಿಜ ಮಾಡುವ ಸಂಗತಿಗಳು ಎರಡು. ಕಾಯಿಗಳ ಒಟ್ಟು ಲೆಕ್ಕ ಬದಲಾಗದಿರುವುದರಿಂದ ಒಬ್ಬಳು ಗೆದ್ದುಕೊಂಡ ಕಾಯಿ ಇನ್ನೊಬ್ಬಳ ಪಾಲಿಗೆ ಇಲ್ಲವಾಗುತ್ತದೆ. ಮಣೆಯ ಆಚೆಬದಿಯಲ್ಲಿ ಕುಳಿತವಳು ತನ್ನ ಗುಳಿಯನ್ನು ಆರಿಸುವ ಮುನ್ನ ಈಚೆಯವಳ ಮುಂದಿನ ನಡೆಯನ್ನು ಎಣಿಸುತ್ತಾಳೆ. ಬಾಹ್ಯಾಕಾಶದ ಆಟಗಳನ್ನು ಅಳೆಯಲು ಈ ಎರಡು ಸಂಗತಿಗಳೇ ಸಾಕಾದ ಅಳತೆಗೋಲು.

ಅದಕ್ಕೆ ಮೊದಲು ಪೈಪೋಟಿ ಎಂಬ ಪದವನ್ನು ಅರ್ಥಶಾಸ್ತ್ರಜ್ಞರು ಬಳಸುವ ರೀತಿಯನ್ನು ಗಮನಿಸಬೇಕು. ಅವರು ಪರಿಪೂರ್ಣ ಪೈಪೋಟಿ ಎಂದು ಕರೆಯುವುದು, ಕೊಳ್ಳುವವರೂ ಮಾರುವವರೂ ಎಣಿಕೆಗೆ ಸಿಗದಷ್ಟು ಮಂದಿಯಿದ್ದು ಯಾವ ಒಬ್ಬನ ವ್ಯವಹಾರದಿಂದಲೂ ದರ ಕದಲದೆ ಇರುವ ಸ್ಥಿತಿಯನ್ನು. ಅಲ್ಲಿ ಪ್ರತಿಯೊಬ್ಬನೂ ಕಂಡ ದರವನ್ನು ಕಂಡಂತೆ ಒಪ್ಪಿಕೊಳ್ಳುವವನು. ಪೇಟೆಯಲ್ಲಿ ನಿಂತವರು ಪೈಪೋಟಿ ಎನ್ನುವುದು ಬೇರೊಂದನ್ನು: ಆಚೆಯ ವರ್ತಕ ಕಿಲೋಗೆ ಎರಡು ರೂಪಾಯಿ ಹೆಚ್ಚು ಹೇಳಿದನೆಂದು ಈಚೆಯವನು ಮೂರು ರೂಪಾಯಿ ಏರಿಸುವುದನ್ನು, ಗಿರಾಕಿ ಕೈತಪ್ಪಿದ್ದಕ್ಕೆ ಹೊಟ್ಟೆ ಉರಿಯುವುದನ್ನು. ಮೊದಲನೆಯದು ಫಲ, ಎರಡನೆಯದು ಆ ಫಲವನ್ನು ತರುವ ಕ್ರಿಯೆ. ಇಂಥ ಸಾವಿರಾರು ಮೇಲಾಟಗಳು ಒಂದರೊಡನೊಂದು ತಾಗಿ ಸಮನಿಸಿದ ಮೇಲೆ ಮಾತ್ರ ಯಾರ ಕೈಗೂ ಸಿಗದ ದರವೊಂದು ನೆಲೆಗೊಳ್ಳುತ್ತದೆ. ಬಾಹ್ಯಾಕಾಶ ವ್ಯಾಪಾರದ ಅನೇಕ ಆಟಗಳು ಕ್ರಿಯೆಯನ್ನು ಬಿಟ್ಟು ಫಲವನ್ನು ಮಾತ್ರ ತೆರೆಯ ಮೇಲೆ ತೋರಿಸುತ್ತವೆ, ಇಡೀ ಗೊಂದಲದ ಮೂಲ ಇರುವುದು ಇಲ್ಲಿಯೇ.

‘ಎಲೀಟ್’ ಇದಕ್ಕೆ ಸ್ಪಷ್ಟವಾದ ನಿದರ್ಶನ. ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ಕೇಂಬ್ರಿಜ್ ವಿದ್ಯಾರ್ಥಿಗಳು ಅದನ್ನು ಬರೆದದ್ದು 32 ಕಿಲೋಬೈಟ್ ಸ್ಮೃತಿಯಿದ್ದ ಬಿಬಿಸಿ ಮೈಕ್ರೋ ಯಂತ್ರಕ್ಕೆ. ಇಂದು ಒಂದು ಸಾಧಾರಣ ಛಾಯಾಚಿತ್ರವೂ ಹಿಡಿಯದ ಅಷ್ಟು ಸಣ್ಣ ಜಾಗದಲ್ಲಿ ಅವರು ಎಂಟು ತಾರಾಮಂಡಲಗಳನ್ನು, ಒಂದೊಂದರಲ್ಲಿ 256 ಲೋಕಗಳನ್ನು ಅಳವಡಿಸಿದರು. ಲೋಕಗಳ ವಿವರವನ್ನು ಸಂಗ್ರಹಿಸಿಡದೆ ಬೇಕಾದಾಗ ಲೆಕ್ಕದಿಂದಲೇ ಹುಟ್ಟಿಸಿಕೊಳ್ಳುವ ಯುಕ್ತಿಯಿಂದ ಅದು ಸಾಧ್ಯವಾಯಿತು, ಮತ್ತು ಅಲ್ಲಿಯ ಪೇಟೆಯೂ ಅದೇ ಯುಕ್ತಿಯಿಂದ ಹುಟ್ಟುತ್ತದೆ. ಆಹಾರಧಾನ್ಯ, ಬಟ್ಟೆ, ಯಂತ್ರ, ಗಣಕ, ತುಪ್ಪಳ, ಚಿನ್ನ ಮೊದಲಾದ 17 ಸರಕುಗಳಲ್ಲಿ ಪ್ರತಿಯೊಂದಕ್ಕೂ ಒಂದು ಮೂಲಬೆಲೆಯಿದ್ದು, ಸಿರಿವಂತ ಕೈಗಾರಿಕಾ ಲೋಕದಿಂದ ಬಡ ಕೃಷಿಲೋಕದವರೆಗಿನ ಎಂಟು ಮೆಟ್ಟಿಲುಗಳಲ್ಲಿ ಆ ಲೋಕ ಎಲ್ಲಿದೆಯೋ ಅದಕ್ಕೆ ತಕ್ಕಂತೆ ಬೆಲೆ ಏರುತ್ತದೆ ಅಥವಾ ಇಳಿಯುತ್ತದೆ. ಅದರ ಮೇಲೆ ಯಾದೃಚ್ಛಿಕ ಸಂಖ್ಯೆ, ಅಂದರೆ ಯಂತ್ರ ಚೀಟಿ ಎತ್ತಿದಂತೆ ಆರಿಸಿದ ಒಂದು ಸಂಖ್ಯೆ, ಸೇರಿಕೊಂಡು ಆ ಭೇಟಿಯ ದರ ಸಿದ್ಧವಾಗುತ್ತದೆ. ಕೃಷಿಲೋಕದಿಂದ ಧಾನ್ಯವನ್ನೊಯ್ದು, ಕೈಗಾರಿಕಾ ಲೋಕದಿಂದ ಗಣಕಗಳನ್ನು ತಂದು ಲಾಭ ಮಾಡಬಹುದು. ಆದರೆ 20 ಟನ್ ಸರಕುಕೋಣೆ ತುಂಬುವಷ್ಟು ಕೊಂಡರೂ ದರ ಏರುವುದಿಲ್ಲ. ಅಷ್ಟನ್ನೂ ಒಂದೇ ಕಟ್ಟೆಯಲ್ಲಿ ಸುರಿದರೂ ದರ ಬೀಳುವುದಿಲ್ಲ. ಅದೇ ಲೋಕಕ್ಕೆ ಮತ್ತೊಮ್ಮೆ ಬಂದಾಗ ಪೇಟೆಗೆ ಹಿಂದಿನ ವ್ಯವಹಾರದ ನೆನಪೇ ಇರುವುದಿಲ್ಲ. ದಾರಿಯಲ್ಲಿ ಎದುರಾಗುವ ಬೇರೆ ನೌಕೆಗಳು ಗುಂಡು ಹಾರಿಸುತ್ತವೆಯೇ ಹೊರತು, ಅವುಗಳಲ್ಲಿ ಒಂದೂ ಮುಂಚೆಯೇ ಹೋಗಿ ಧಾನ್ಯವನ್ನು ಖಾಲಿ ಮಾಡುವುದಿಲ್ಲ, ಒಂದು ಪೈಸೆ ಕಡಿಮೆಗೆ ಮಾರುವುದಿಲ್ಲ. ಆ ಕಾಲದ ಯಂತ್ರದ ಮಿತಿಯೊಳಗೆ ಇದು ಅಸಾಧಾರಣ ಪ್ರತಿಭೆಯ ಕೃತಿ. ಆದರೂ ಅಲ್ಲಿ ವ್ಯಾಪಾರಿಯ ಎದುರು ಇರುವುದು ಒಂದು ಸೂತ್ರ, ಅವನ ಜಾಣ್ಮೆಯೆಲ್ಲ ದಾರಿಯ ಲೆಕ್ಕಾಚಾರದಲ್ಲಿ ಮುಗಿಯುತ್ತದೆ.

ಸೂತ್ರದ ದರಕ್ಕೂ ಮನುಷ್ಯರು ಕಟ್ಟುವ ದರಕ್ಕೂ ಇರುವ ಅಂತರವನ್ನು ಕಾಪು ತಾಲ್ಲೂಕಿನ ಶಂಕರಪುರದಲ್ಲಿ ಹತ್ತಿರದಿಂದ ನೋಡಬಹುದು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಉಡುಪಿ ಮಲ್ಲಿಗೆಯ ತವರು ಇದು. ಸುತ್ತಲಿನ ಶಿರ್ವ, ಬಂಟಕಲ್ಲುಗಳ ಮನೆಯಂಗಳಗಳಲ್ಲಿ, ಹೆಚ್ಚಾಗಿ ಹೆಂಗಸರ ಕೈಯಲ್ಲಿ ಈ ಕೃಷಿ ನಡೆಯುತ್ತದೆ. ಬೆಳಗಿನ ಜಾವ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಒತ್ತಾಗಿ ಕಟ್ಟುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ ಅಟ್ಟೆಯೊಂದರಲ್ಲಿ 3,200 ಹೂಗಳು. ಅಟ್ಟೆಯ ಲೆಕ್ಕದಲ್ಲಿ ಆ ದಿನದ ದರ ಶಂಕರಪುರದಲ್ಲಿ ಗೊತ್ತಾಗುತ್ತದೆ, ಅದನ್ನೇ ಆಧಾರವಾಗಿ ಹಿಡಿದು ಉಡುಪಿ ಮಂಗಳೂರುಗಳ ಹೂವಿನ ಕಟ್ಟೆಗಳು ವ್ಯವಹರಿಸುತ್ತವೆ. ಅಂದಿನ ಹೂವಿನ ಆವಕವೆಷ್ಟು, ಮುಂಬೈಗೆ ಎಷ್ಟು ಹೋಗಬೇಕು, ಮುಹೂರ್ತಗಳೆಷ್ಟಿವೆ, ನಾಗಾರಾಧನೆ ಮತ್ತು ದೈವಗಳ ನೇಮಗಳೆಷ್ಟಿವೆ, ಭಟ್ಕಳದ ಮಲ್ಲಿಗೆ ಎಷ್ಟು ಬಂದು ಇಳಿದಿದೆ ಎಂಬುದೆಲ್ಲ ಆ ಒಂದು ಅಂಕಿಯಲ್ಲಿ ಅಡಗಿರುತ್ತದೆ. ಶುಭಕಾರ್ಯಗಳಿಲ್ಲದ ಆಟಿ ತಿಂಗಳಲ್ಲಿ ಕೇಳುವವರಿಲ್ಲದ ಹೂವು, ಮದುವೆಗಳ ದಿನ ಬೇಕೆಂದರೂ ಸಿಗದಷ್ಟು ದುಬಾರಿಯಾಗುತ್ತದೆ. ದರಕ್ಕೆ ಗರಿಷ್ಠ ಮಿತಿಯೊಂದನ್ನು ಮೊದಲೇ ಗೊತ್ತುಮಾಡಿಕೊಳ್ಳುವ ರೂಢಿಯೂ ಇಲ್ಲಿದ್ದು, ಈಚಿನ ವರ್ಷಗಳಲ್ಲಿ ಅದು ಅಟ್ಟೆಗೆ 2,100 ರೂಪಾಯಿ ಮುಟ್ಟಿದೆ.

ಮೇಲುನೋಟಕ್ಕೆ ಶಂಕರಪುರದ ಬೆಳೆಗಾರ್ತಿಯ ಸ್ಥಿತಿಗೂ ‘ಎಲೀಟ್’ ಆಟದ ವ್ಯಾಪಾರಿಯ ಸ್ಥಿತಿಗೂ ಹೆಚ್ಚಿನ ಅಂತರ ಕಾಣುವುದಿಲ್ಲ. ದರ ಹೊರಬೀಳುವ ಹೊತ್ತಿಗೆ ಹೂ ಕೊಯ್ದಾಗಿರುತ್ತದೆ, ಬಂದ ದರವನ್ನು ಒಪ್ಪಿಕೊಳ್ಳುವುದಲ್ಲದೆ ಅವಳಿಗೆ ಬೇರೆ ದಾರಿಯಿರುವುದಿಲ್ಲ. ಆದರೆ ಆ ಅಂಕಿಯ ಹಿಂದೆ ತಪ್ಪು ಎಣಿಸಿದರೆ ನಷ್ಟ ಅನುಭವಿಸಬೇಕಾದ ಮನುಷ್ಯರಿದ್ದಾರೆ. ಹೆಚ್ಚು ಕೊಂಡ ವ್ಯಾಪಾರಿಯ ಬುಟ್ಟಿಯಲ್ಲಿ ಸಂಜೆಯ ಹೊತ್ತಿಗೆ ಅರಳಿ ಬಾಡಿದ ಹೂ ಉಳಿಯುತ್ತದೆ, ಕಡಿಮೆ ಕೊಂಡವನ ಗಿರಾಕಿ ಪಕ್ಕದ ಕಟ್ಟೆಗೆ ಹೋಗುತ್ತಾನೆ. ಗರಿಷ್ಠ ದರ ಸಾಲದೆಂದು ಬೆಳೆಗಾರರು ಒಟ್ಟಾಗಿ ವಾದಿಸಬಹುದು, ವಾದಿಸಿದ್ದಾರೆ. ಆಟದ ಸೂತ್ರವನ್ನು ಯಾರೂ ಮಾತಿಗೆ ಕರೆಯಲಾರರು. ದರ ನಿಗದಿಯಾಗಿ ಬರುತ್ತದೆಯೇ ಇಲ್ಲವೇ ಎಂಬುದಕ್ಕಿಂತ, ಅದರ ಹಿಂದೆ ಉತ್ತರ ಹೇಳಬಲ್ಲ, ನಷ್ಟಕ್ಕೆ ಹೆದರುವ ಮನಸ್ಸು ಇದೆಯೇ ಎಂಬುದು ದೊಡ್ಡ ಪ್ರಶ್ನೆಯಾಗುವುದು ಈ ಕಾರಣಕ್ಕೆ.

ಮುಂದಿನ ಕಾಲದ ಆಟಗಳು ಈ ಕೊರತೆಯನ್ನು ಯಂತ್ರದಿಂದಲೇ ತುಂಬಲು ನೋಡಿದವು. ಜರ್ಮನಿಯ ಎಗೋಸಾಫ್ಟ್ ಸಂಸ್ಥೆ 1999ರಿಂದ ಹೊರತಂದ ‘ಎಕ್ಸ್’ ಸರಣಿಯಲ್ಲಿ, ವಿಶೇಷವಾಗಿ 2018ರ ‘ಎಕ್ಸ್4’ ಆಟದಲ್ಲಿ, ಕಾರ್ಖಾನೆಗಳು ಕಚ್ಚಾಮಾಲಿಲ್ಲದೆ ನಿಲ್ಲುತ್ತವೆ, ದಾಸ್ತಾನು ಕರಗಿದಂತೆ ದರ ಏರುತ್ತದೆ, ಯಂತ್ರವೇ ನಡೆಸುವ ವ್ಯಾಪಾರಿ ನೌಕೆಗಳು ನಿಜವಾಗಿಯೂ ಸರಕು ಹೊತ್ತು ಓಡಾಡಿ, ಆಟಗಾರ ತಲುಪುವ ಮುನ್ನವೇ ಕೊಂಡು ಮುಗಿಸುತ್ತವೆ. ಇದನ್ನು ಪೈಪೋಟಿಯೆನ್ನಬೇಕೇ ಎಂಬುದಕ್ಕೆ ಅರ್ಥಶಾಸ್ತ್ರದ ಪ್ರಯೋಗಶಾಲೆಯಿಂದ ಒಂದು ಬೆಳಕು ದೊರೆಯುತ್ತದೆ. ಹಾರ್ವರ್ಡಿನಲ್ಲಿ ಎಡ್ವರ್ಡ್ ಚೇಂಬರ್ಲಿನ್ 1948ರಲ್ಲಿ ಪ್ರಕಟಿಸಿದ ತರಗತಿಯ ಪ್ರಯೋಗವನ್ನು ತಿದ್ದಿ, ವರ್ನನ್ ಸ್ಮಿತ್ ಐವತ್ತರ ದಶಕದಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಕೈಗೆ ಚೀಟಿಗಳನ್ನು ಕೊಟ್ಟರು. ಕೊಳ್ಳುವವನ ಚೀಟಿಯಲ್ಲಿ ಅವನು ದಾಟಬಾರದ ಮೇಲ್ಮಿತಿ, ಮಾರುವವನ ಚೀಟಿಯಲ್ಲಿ ಅವನು ಇಳಿಯಬಾರದ ಕೆಳಮಿತಿ. ಸರಕು ಎಂಬುದು ಹೆಸರಿಗೂ ಇರಲಿಲ್ಲ. ಎರಡೂ ಕಡೆಯವರು ಬಾಯಿಬಿಟ್ಟು ದರ ಕೂಗುವ ಇಬ್ಬದಿ ಹರಾಜಿನಲ್ಲಿ ಕೆಲವೇ ಸುತ್ತುಗಳೊಳಗೆ ದರ, ಬೇಡಿಕೆ ಪೂರೈಕೆಗಳು ಕೂಡುವ ಬಿಂದುವಿಗೆ ಬಂದು ನಿಂತಿತು. 1962ರಲ್ಲಿ ಪ್ರಕಟವಾದ ಈ ಕೆಲಸವೇ ಮುಂದೆ 2002ರ ನೊಬೆಲ್ ಪ್ರಶಸ್ತಿಗೆ ದಾರಿಯಾಯಿತು. ಇಲ್ಲದ ಸರಕಿಗಾಗಿ ಕೂಗಾಡಿದ ವಿದ್ಯಾರ್ಥಿಗಳ ಪೈಪೋಟಿ ಹುಸಿಯೆಂದು ಆಮೇಲೆ ಯಾರೂ ಹೇಳಲಿಲ್ಲ.

ಆದರೆ 1993ರಲ್ಲಿ ಧನಂಜಯ ಗೋಡೆ ಮತ್ತು ಶ್ಯಾಮ ಸುಂದರ್ ಎಂಬ ಭಾರತೀಯ ಮೂಲದ ವಿದ್ವಾಂಸರು ಪ್ರಕಟಿಸಿದ ಫಲಿತಾಂಶ ಈ ತೃಪ್ತಿಯನ್ನು ಕಲಕಿತು. ಅವರು ವಿದ್ಯಾರ್ಥಿಗಳ ಜಾಗದಲ್ಲಿ, ಏನನ್ನೂ ಕಲಿಯದ, ಏನನ್ನೂ ನೆನಪಿಡದ, ನಷ್ಟಕ್ಕೆ ಮಾತ್ರ ವ್ಯವಹರಿಸಬಾರದೆಂಬ ಒಂದೇ ಕಟ್ಟಳೆಗೆ ಒಳಪಟ್ಟು ಮನಬಂದ ದರ ಕೂಗುವ ಗಣಕ ಕಾರ್ಯಕ್ರಮಗಳನ್ನು ಕೂರಿಸಿದರು. ಶೂನ್ಯಬುದ್ಧಿಯ ವ್ಯಾಪಾರಿಗಳೆಂದು ಅವರೇ ಕರೆದ ಆ ಕಾರ್ಯಕ್ರಮಗಳು, ವಿನಿಮಯದಿಂದ ದೊರೆಯಬಹುದಾದ ಒಟ್ಟು ಲಾಭದ ಬಹುಪಾಲನ್ನು ಮನುಷ್ಯರಂತೆಯೇ ದೊರಕಿಸಿಕೊಂಡವು. ಪೇಟೆ ಚೆನ್ನಾಗಿ ನಡೆಯುವುದಕ್ಕೆ ವ್ಯಾಪಾರಿಗಳ ಚಾಣಾಕ್ಷತೆಗಿಂತ ಹರಾಜಿನ ಕಟ್ಟಳೆಯೇ ಹೆಚ್ಚಿನ ಕಾರಣವಿರಬಹುದೆಂಬ ಈ ಅರಿವು ಬಾಹ್ಯಾಕಾಶದ ಆಟಗಳ ಪರವಾಗಿಯೂ ವಿರುದ್ಧವಾಗಿಯೂ ನಿಲ್ಲುತ್ತದೆ. ‘ಎಕ್ಸ್4’ ಆಟದ ಯಾಂತ್ರಿಕ ನೌಕೆಗಳು ಪೈಪೋಟಿಯ ಫಲವನ್ನು, ಅಂದರೆ ಸರಿಹೊಂದುವ ದರವನ್ನು, ನಿಜವಾಗಿಯೇ ತರಬಲ್ಲವು. ಎದುರಾಳಿಯನ್ನು ತರಲಾರವು. ಆಟಗಾರ ಏನನ್ನು ಎಣಿಸುತ್ತಿದ್ದಾನೆಂದು ಅವು ಎಣಿಸುವುದಿಲ್ಲ, ಅವನನ್ನು ದಾರಿತಪ್ಪಿಸಲು ಸುಳ್ಳು ದರ ಕೂಗುವುದಿಲ್ಲ, ಅವನೊಡನೆ ಒಳಒಪ್ಪಂದಕ್ಕೆ ಬರುವುದಿಲ್ಲ, ಸೋತರೆ ಪಾಠ ಕಲಿಯುವುದಿಲ್ಲ. ಫಲ ಬಂದರೆ ಸಾಕೆನ್ನುವವರಿಗೆ ಅದು ಪೈಪೋಟಿಯೇ ಇರಬಹುದು. ಚೆನ್ನೆಮಣೆಯ ಅಳತೆಗೋಲಿನಲ್ಲಿ ಅದು ಅರ್ಧ ಮಾತ್ರ.

ಎದುರಾಳಿಯನ್ನು ಎದುರಿಗೇ ತಂದು ಕೂರಿಸಿದ ಆಟವೊಂದು ‘ಎಲೀಟ್’ಗಿಂತ ಒಂದು ವರ್ಷ ಮೊದಲೇ, 1983ರಲ್ಲಿ, ಅಮೆರಿಕದಲ್ಲಿ ಡ್ಯಾನಿ ಬಂಟನ್ ಅವರ ನೇತೃತ್ವದಲ್ಲಿ ಸಿದ್ಧವಾಗಿತ್ತು. ‘ಮ್ಯೂಲ್’ ಎಂಬ ಆ ಆಟದಲ್ಲಿ ಇರಾಟ ಎಂಬ ಗ್ರಹಕ್ಕೆ ವಲಸೆ ಬಂದ ನಾಲ್ವರು ಆಹಾರ, ಇಂಧನ, ಅದಿರುಗಳನ್ನು ಉತ್ಪಾದಿಸುತ್ತಾರೆ, ಪ್ರತಿ ಸುತ್ತಿನ ಕೊನೆಯಲ್ಲಿ ಹರಾಜು ನಡೆಯುತ್ತದೆ. ಹರಾಜಿನ ತೆರೆಯ ಮೇಲೆ ಮಾರುವವರು ಮೇಲುಗಡೆ, ಕೊಳ್ಳುವವರು ಕೆಳಗಡೆ ನಿಂತು, ಹಿಡಿಕೆಯನ್ನು ಒತ್ತಿದಂತೆ ಒಬ್ಬರ ಕಡೆಗೊಬ್ಬರು ನಡೆಯುತ್ತಾರೆ. ಮಾರುವವನು ಇಳಿದಷ್ಟು ದರ ಇಳಿಯುತ್ತದೆ, ಕೊಳ್ಳುವವನು ಏರಿದಷ್ಟು ದರ ಏರುತ್ತದೆ, ಇಬ್ಬರ ಗೆರೆ ಕೂಡಿದಲ್ಲಿ ಸರಕು ಕೈಬದಲಾಗುತ್ತದೆ. ಆಹಾರವಿಲ್ಲದವನಿಗೆ ಮುಂದಿನ ಸುತ್ತಿನಲ್ಲಿ ಕೆಲಸಕ್ಕೆ ಸಮಯ ಕಡಿಮೆ ಸಿಗುವುದರಿಂದ ಅವನು ಹೆಜ್ಜೆ ಮುಂದಿಡಲೇಬೇಕು. ಅದನ್ನು ಬಲ್ಲ ಮಾರಾಟಗಾರ ಇದ್ದಲ್ಲೇ ನಿಂತು ಗಡಿಯಾರ ನೋಡುತ್ತಾನೆ. ಒಂದೇ ಕೋಣೆಯಲ್ಲಿ ಭುಜಕ್ಕೆ ಭುಜ ತಾಗಿಸಿ ಕುಳಿತವರ ನಡುವೆ ನಡೆಯುವ ಈ ಚೌಕಾಸಿಯಲ್ಲಿ ಪೈಪೋಟಿಯ ಯಾವ ಅಂಗವೂ ಕಾಣೆಯಾಗಿಲ್ಲ. 2016ರಲ್ಲಿ ಬಂದ ‘ಆಫ್‌ವರ್ಲ್ಡ್ ಟ್ರೇಡಿಂಗ್ ಕಂಪನಿ’ ಮಂಗಳ ಗ್ರಹದ ಮೇಲೆ ಇದೇ ತತ್ತ್ವವನ್ನು ವಿಸ್ತರಿಸಿತು. ಅದರಲ್ಲಿ ಫಿರಂಗಿಯ ಕೆಲಸವನ್ನು ದರವೇ ಮಾಡುತ್ತದೆ, ಗೆಲುವು ಎಂದರೆ ಎದುರಾಳಿಯ ಸಂಸ್ಥೆಯನ್ನೇ ಕೊಂಡುಬಿಡುವುದು.

‘ಈವ್ ಆನ್‌ಲೈನ್’ ಈ ಕೋಣೆಯನ್ನು ಜಗತ್ತಿನಷ್ಟು ಅಗಲ ಮಾಡಿತು. ಬಹುಪಾಲು ಆಟಗಾರರು ಒಂದೇ ಲೋಕದಲ್ಲಿರುವ ಈ ಆಟದಲ್ಲಿ ನೌಕೆಗಳನ್ನೂ ಅವುಗಳ ಬಿಡಿಭಾಗಗಳನ್ನೂ ಬಹುತೇಕ ಆಟಗಾರರೇ ತಯಾರಿಸುತ್ತಾರೆ, ಜಿಟಾ ಎಂಬ ನಕ್ಷತ್ರದ ಒಂದು ನಿಲ್ದಾಣ ಅವರೆಲ್ಲರ ಮುಖ್ಯ ಪೇಟೆ. ಆ ಪೇಟೆಯನ್ನು ಆಟದ ಸಂಸ್ಥೆ ನೇಮಿಸಿದ್ದಲ್ಲ, ದಾರಿಗಳ ಅನುಕೂಲದಿಂದ ಜನ ಅಲ್ಲಿಗೆ ಸೇರುತ್ತ ಹೋಗಿ ಬೆಳೆದದ್ದು. ಸಂತೆಗಳು ಬೆಳೆಯುವುದೂ ಹೀಗೆಯೇ. ವ್ಯಾಪಾರ ನಡೆಯುವುದು ಆದೇಶಪಟ್ಟಿಯ ಮೂಲಕ, ಅಂದರೆ ಇಷ್ಟು ದರಕ್ಕೆ ಇಷ್ಟು ಮಾರುವೆನೆಂದೂ ಕೊಳ್ಳುವೆನೆಂದೂ ಬರೆದಿಟ್ಟ ಸಾಲುಗಳು ತೆರೆಯ ಮೇಲೆ ಎದುರುಬದುರು ನಿಲ್ಲುತ್ತವೆ, ಅತಿ ಕಡಿಮೆ ದರ ಹೇಳಿದ ಮಾರಾಟಗಾರನ ಸಾಲು ಮೊದಲು ತೀರುತ್ತದೆ. ಹಲವು ವರ್ಷಗಳ ಕಾಲ ಆಟಗಾರರು ಎದುರಾಳಿಗಿಂತ ಆಟದ ಹಣದ ನೂರನೆಯ ಒಂದು ಭಾಗದಷ್ಟು ಮಾತ್ರ ಕಡಿಮೆ ದರ ಬರೆದು ಮೊದಲ ಸ್ಥಾನಕ್ಕೆ ಏರುವ, ಎದುರಾಳಿ ಮರುಗಳಿಗೆಯಲ್ಲೇ ಅದನ್ನು ಮತ್ತೆ ಇಳಿಸುವ ಕಾಳಗದಲ್ಲಿ ದಿನಗಟ್ಟಲೆ ಕುಳಿತರು. 2020ರಲ್ಲಿ ಸಂಸ್ಥೆಯು ದರವನ್ನು ನಾಲ್ಕು ಅಂಕಿಗಳ ನಿಖರತೆಗೆ ಸೀಮಿತಗೊಳಿಸಿ, ಮೇಲೇರಬೇಕಾದರೆ ಲಾಭದಲ್ಲಿ ಕಾಣುವಷ್ಟು ಬಿಟ್ಟುಕೊಡಲೇಬೇಕೆಂಬ ಸ್ಥಿತಿಯನ್ನು ತಂದಿತು. ಕೊಳ್ಳುವವನಿಗೆ ಏನೂ ಉಳಿಸದ ಪೈಪೋಟಿಯನ್ನು ಕಟ್ಟಳೆಯ ಒಂದು ಸಣ್ಣ ತಿದ್ದುಪಡಿ ಫಲ ಕೊಡುವ ಪೈಪೋಟಿಯನ್ನಾಗಿ ಮಾಡಿತೆಂಬುದು, ಗೋಡೆ ಮತ್ತು ಸುಂದರ್ ಕಂಡುಕೊಂಡದ್ದಕ್ಕೆ ಜೀವಂತ ಸಾಕ್ಷಿ.

ಪೈಪೋಟಿ ನಿಜವಾಗಿರುವಲ್ಲಿ ಅದನ್ನು ಕೊಲ್ಲುವ ಪ್ರಯತ್ನವೂ ನಿಜವಾಗಿರುತ್ತದೆ. ‘ಈವ್’ ಲೋಕದಲ್ಲಿ ಉನ್ನತ ದರ್ಜೆಯ ನೌಕೆಗಳಿಗೆ ಬೇಕಾದ ಟೆಕ್ನೀಶಿಯಮ್ ಎಂಬ ಧಾತು ಕೆಲವೇ ಚಂದ್ರಗಳಲ್ಲಿ ಸಿಗುತ್ತಿದ್ದುದರಿಂದ, ಆ ಚಂದ್ರಗಳನ್ನು ಹಿಡಿದಿದ್ದ ಆಟಗಾರರ ಬಣಗಳು 2012ರಲ್ಲಿ ಒಟ್ಟುಗೂಡಿ, ತೈಲ ರಾಷ್ಟ್ರಗಳ ಒಪೆಕ್ ಕೂಟವನ್ನು ಅನುಸರಿಸಿ ಓಟೆಕ್ ಎಂಬ ಕೂಟ ಕಟ್ಟಿಕೊಂಡು, ಪರಸ್ಪರ ಯುದ್ಧ ಬಿಟ್ಟು ದರವನ್ನು ಎತ್ತರದಲ್ಲಿ ಹಿಡಿದವು. ಅದೇ ವರ್ಷ ಸಂಸ್ಥೆಯು ಟೆಕ್ನೀಶಿಯಮ್ಮಿನ ಕೆಲಸವನ್ನು ಬೇರೆ ಧಾತುಗಳಿಂದಲೂ ಪೂರೈಸಿಕೊಳ್ಳುವ ದಾರಿಯನ್ನು ಆಟಕ್ಕೆ ಸೇರಿಸಿದ ಮೇಲೆ ಕೂಟದ ಹಿಡಿತ ಸಡಿಲಿತು. ಸೂತ್ರದೊಡನೆ ಯಾರೂ ಕೂಟ ಕಟ್ಟಲಾರರು. ಕೂಟ ಹುಟ್ಟಿತೆಂಬುದೇ ಅಲ್ಲಿ ಮೊದಲು ಪೈಪೋಟಿಯಿತ್ತೆಂಬುದಕ್ಕೆ ಬಲವಾದ ಪುರಾವೆ. ಅಲ್ಲಿಯ ನಷ್ಟವೂ ಅಳಿಸಿಹೋಗುವಂಥದಲ್ಲ. 2014ರ ಜನವರಿ 27 ಮತ್ತು 28ರಂದು ನಡೆದ ಒಂದೇ ಕಾಳಗದಲ್ಲಿ ಟೈಟನ್ ಎಂಬ ಅತಿದೊಡ್ಡ ವರ್ಗದ 75 ನೌಕೆಗಳು ನಾಶವಾದವು, ನಾಶವಾದವು ಮರಳಿ ಬರಲಿಲ್ಲ, ಅವುಗಳ ಜಾಗ ತುಂಬಲು ಬೇಕಾದ ಅದಿರನ್ನು ಮತ್ತೆ ಯಾರೋ ಗಂಟೆಗಟ್ಟಲೆ ಕುಳಿತು ಅಗೆಯಬೇಕಾಯಿತು.

ಇಂಥ ಲೋಕದಲ್ಲಿ ಕಟ್ಟಳೆ ಮಾಡುವವನ ಪ್ರಾಮಾಣಿಕತೆ ಎಲ್ಲಕ್ಕಿಂತ ಭಾರವಾದ ವಿಷಯ. 2007ರಲ್ಲಿ ಸಂಸ್ಥೆಯ ಉದ್ಯೋಗಿಯೊಬ್ಬ ತಾನು ಸೇರಿದ್ದ ಬಣಕ್ಕೆ ಅನುಕೂಲವಾಗುವಂತೆ ಅಪರೂಪದ ತಯಾರಿಕಾ ನಕ್ಷೆಗಳನ್ನು ಪಡೆದುಕೊಂಡಿದ್ದನೆಂಬುದು ಬಯಲಾದಾಗ ಆಟಗಾರರ ನಂಬಿಕೆ ಬುಡಸಮೇತ ಅಲುಗಿತು. ಅದೇ ವರ್ಷ ಸಂಸ್ಥೆ ಎಯೋಲ್ಫುರ್ ಗುಡ್ಮುಂಡ್ಸನ್ ಎಂಬ ಅರ್ಥಶಾಸ್ತ್ರಜ್ಞನನ್ನು ಪೇಟೆಯ ಅಧ್ಯಯನಕ್ಕೆ ನೇಮಿಸಿತು, ಮರುವರ್ಷ ಆಟಗಾರರೇ ಮತ ಹಾಕಿ ಆರಿಸುವ ಒಂದು ಪರಿಷತ್ತು ಅಸ್ತಿತ್ವಕ್ಕೆ ಬಂತು. ಆಟದ ಸಂಸ್ಥೆ ಬಯಸಿದರೆ ಒಂದು ರಾತ್ರಿಯಲ್ಲಿ ಯಾವ ಸರಕನ್ನಾದರೂ ಹುಟ್ಟಿಸಬಲ್ಲದು, ಯಾವುದನ್ನಾದರೂ ಇಲ್ಲವಾಗಿಸಬಲ್ಲದು; ಆದ್ದರಿಂದ ಅಲ್ಲಿಯ ಪೈಪೋಟಿ, ಆ ಶಕ್ತಿಯನ್ನು ಬಳಸದಿರುವ ಸಂಯಮದ ಮೇಲೆ ನಿಂತಿದೆ. ಇದನ್ನು ಅನುಕರಣದ ದೋಷವೆಂದು ತಿಳಿಯುವ ಮೊದಲು ನೆಲದ ಮೇಲಿನ ಪೇಟೆಯಲ್ಲಿ ಪೈಪೋಟಿ ತಾನಾಗಿ ಬೆಳೆಯುತ್ತದೆಯೇ ಎಂದು ಕೇಳಿಕೊಳ್ಳಬೇಕು.

ಕರಾವಳಿಯ ಅಡಿಕೆಯ ಇತಿಹಾಸ ಇಲ್ಲವೆಂದೇ ಹೇಳುತ್ತದೆ. ಎಪ್ಪತ್ತರ ದಶಕದ ಆರಂಭದಲ್ಲಿ ಧಾರಣೆ ಕುಸಿದಾಗ, ಬೆಳೆಗಾರರು ಸಾವಿರಾರು ಮಂದಿಯಿದ್ದು ದೊಡ್ಡ ಖರೀದಿದಾರರು ಕೆಲವೇ ಮಂದಿಯಿದ್ದ ಪೇಟೆಯಲ್ಲಿ ಮಾರುವವರ ನಡುವೆ ಮಾತ್ರ ಪೈಪೋಟಿಯಿತ್ತು, ಕೊಳ್ಳುವವರ ನಡುವೆ ಇರಲಿಲ್ಲ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ನೋಂದಣಿಯಾದ ಕ್ಯಾಂಪ್ಕೊ, ಕರ್ನಾಟಕ ಮತ್ತು ಕೇರಳಗಳ ಬೆಳೆಗಾರರ ಸಹಕಾರಿಯಾಗಿ, ಖರೀದಿದಾರನ ವೇಷ ತೊಟ್ಟು ಪೇಟೆಗೆ ಇಳಿಯಿತು. ಬೆಳೆಗಾರರು ತಮ್ಮ ಸರಕನ್ನು ಅದಕ್ಕೇ ಕೊಡಬೇಕೆಂಬ ಬಂಧನವಿರಲಿಲ್ಲ, ಈಗಲೂ ಇಲ್ಲ. ಅಜೆಕಾರಿನ ಬೆಳೆಗಾರ ಒಣಗಿಸಿದ ಹೊಸ ಚಾಲಿ ಅಡಿಕೆಯನ್ನಾಗಲಿ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ದರ್ಜೆಗಳನ್ನಾಗಲಿ ಖಾಸಗಿ ವರ್ತಕನಿಗೆ ಮಾರಿದರೂ, ಕ್ಯಾಂಪ್ಕೊದ ಅಂದಿನ ಧಾರಣೆ ಎಷ್ಟೆಂದು ಮೊದಲು ಕೇಳಿಯೇ ಮಾರುತ್ತಾನೆ. ಎಂಬತ್ತರ ದಶಕದ ಹೊಸ್ತಿಲಲ್ಲಿ ಕೊಕ್ಕೊ ಕೊಳ್ಳುವವರು ಹಿಂದೆ ಸರಿದು ಬೆಳೆಗಾರರು ಕೈಚೆಲ್ಲಿದಾಗ ಅದೇ ಸಹಕಾರಿ ಕೊಕ್ಕೊ ಖರೀದಿಗೂ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು. ಕರ್ನಾಟಕದ ಕೃಷಿ ಮಾರುಕಟ್ಟೆ ಸಮಿತಿಗಳಲ್ಲಿ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ನಡೆಯುತ್ತಿರುವ ಗಣಕೀಕೃತ ಟೆಂಡರಿನ ಉದ್ದೇಶವೂ ಕೊಳ್ಳುವವರ ನಡುವೆ ಪೈಪೋಟಿ ತರುವುದೇ. ವರ್ತಕರು ಒಬ್ಬರ ದರ ಇನ್ನೊಬ್ಬರಿಗೆ ಕಾಣದಂತೆ ತೆರೆಯ ಮೇಲೆ ದರ ನಮೂದಿಸುತ್ತಾರೆ, ಹೆಚ್ಚು ಬರೆದವರಿಗೆ ಲಾಟು ಸಿಗುತ್ತದೆ, ಒಪ್ಪದ ರೈತ ತನ್ನ ಸರಕನ್ನು ಹಿಂದಕ್ಕೆ ಪಡೆಯಬಹುದು. ಸರಕು ಮಾತ್ರ ನೆಲದ ಮೇಲಿದ್ದು, ಪೈಪೋಟಿ ಪೂರ್ತಿಯಾಗಿ ಯಂತ್ರದೊಳಗೆ ನಡೆಯುವ ಈ ಪೇಟೆಗೂ ಜಿಟಾದ ಪೇಟೆಗೂ ರಚನೆಯಲ್ಲಿ ಇರುವ ವ್ಯತ್ಯಾಸ ಜನ ತಿಳಿದಿರುವುದಕ್ಕಿಂತ ಬಹಳ ಕಡಿಮೆ.

ಆದರೂ ಒಂದು ಮುಖ್ಯವಾದ ವಿಷಯದಲ್ಲಿ ಬಾಹ್ಯಾಕಾಶದ ಪೇಟೆಗಳು ಹಗುರವಾಗಿಯೇ ಉಳಿದಿವೆ. ‘ಈವ್’ ಆಟದಲ್ಲಿ ಗೋದಾಮಿನಲ್ಲಿಟ್ಟ ಸರಕು ಕೊಳೆಯುವುದಿಲ್ಲ, ಹುಳ ಹಿಡಿಯುವುದಿಲ್ಲ. ಆಟ ಬಿಟ್ಟು ಹೋದವನು ವರ್ಷಗಳ ಮೇಲೆ ಬಂದರೂ ಅವನ ಅದಿರು ಇಟ್ಟಲ್ಲೇ ಇರುತ್ತದೆ. ಅಂಥ ಮಾರಾಟಗಾರನ ಸ್ಥಿತಿ, ಒಣಗಿಸಿದ ಚಾಲಿಯನ್ನು ಗೋಣಿಯಲ್ಲಿ ಕಟ್ಟಿಟ್ಟು, ಅದು ಹಳತಾಗಿ ಚೋಲ್ ಎನಿಸಿಕೊಂಡು ಹೆಚ್ಚಿನ ಧಾರಣೆಗೆ ಹೋಗುವವರೆಗೆ ಕಾಯಬಲ್ಲ ಅನುಕೂಲಸ್ಥ ಅಡಿಕೆ ಬೆಳೆಗಾರನ ಸ್ಥಿತಿಗೆ ಸಮೀಪವಾಗಿದೆ, ಮಲ್ಲಿಗೆ ಬೆಳೆಗಾರ್ತಿಯ ಸ್ಥಿತಿಗೆ ಅಲ್ಲ. ಇಂದಿನ ಮೊಗ್ಗನ್ನು ನಾಳೆ ಮಾರಲಾಗದವಳಿಗೂ, ಸಾಲದ ಕಂತಿನ ದಿನ ಹತ್ತಿರ ಬಂದ ಸಣ್ಣ ಅಡಿಕೆ ಬೆಳೆಗಾರನಿಗೂ ಪೈಪೋಟಿ ಬೇರೆಯೇ ತೂಕದಲ್ಲಿ ತಟ್ಟುತ್ತದೆ, ಏಕೆಂದರೆ ಕೊಳ್ಳುವವನು ಕಾಯಬಲ್ಲ, ಅವರು ಕಾಯಲಾರರು. 1983ರ ‘ಮ್ಯೂಲ್’ ಆಟದಲ್ಲಿ ಸುತ್ತಿನ ಕೊನೆಗೆ ಉಳಿದ ಆಹಾರದ ಒಂದು ಪಾಲು ಹಾಳಾಗುವ ನಿಯಮವಿತ್ತು, ಅಲ್ಲಿಯ ಹರಾಜಿನ ಬಿಗಿಗೆ ಅದೂ ಒಂದು ಕಾರಣ. ಆಮೇಲೆ ಬಂದ ದೊಡ್ಡ ಆಟಗಳಲ್ಲಿ ಹೆಚ್ಚಿನವು ಅದನ್ನು ಕೈಬಿಟ್ಟವು. ಬಾಡುವ ಸರಕನ್ನೂ ತೀರಿಸಬೇಕಾದ ಸಾಲವನ್ನೂ ಮುಂದೆ ಯಾರಾದರೂ ‘ಈವ್’ನಂಥ ಲೋಕದೊಳಗೆ ತಂದರೆ, ಅಲ್ಲಿಯ ಸಣ್ಣ ಮಾರಾಟಗಾರರು ಆದೇಶಪಟ್ಟಿಯನ್ನು ನಂಬಿಕೊಂಡು ಕೂರಲಾಗದೆ, ತಮ್ಮಿಂದಲೇ ಕೊಳ್ಳುವ, ಕೆಳದರದಲ್ಲಿ ಅಡ್ಡ ನಿಲ್ಲುವ ಒಂದು ಸಹಕಾರಿಯನ್ನು ತಾವೇ ಕಟ್ಟಿಕೊಳ್ಳಬೇಕಾಗುತ್ತದೆ, ಅದಕ್ಕೆ ಬೇಕಾದ ಕಟ್ಟಳೆಗಳನ್ನು ಬರೆಯುವುದು ಹೇಗೆಂಬುದನ್ನು ದಕ್ಷಿಣ ಕನ್ನಡ ಮತ್ತು ಉಡುಪಿಯ ಬೆಳೆಗಾರರು ಬಲ್ಲರು.